ಬತ್ತಿದ ಕೆರೆಯೂ ಕೆರೆಯೇ

ನೀರಿಲ್ಲದ ಕೆರೆ ಕೆರೆಯೇ ಅಲ್ಲ ಎಂಬ ವಾದ ಆಡಳಿತದ ವಲಯದಲ್ಲಿ ಆಗಾಗ ತಲೆಯೆತ್ತುತ್ತದೆ. ಲಕ್ಷಣ ಕಳೆದುಕೊಂಡ ಕೆರೆಗಳನ್ನು ದಾಖಲೆಯಿಂದಲೇ ಕೈಬಿಡುವ ಪ್ರಸ್ತಾವ 2017ರಲ್ಲಿ ರಾಜ್ಯ ಸರ್ಕಾರದ ಮುಂದಿತ್ತು. ಅದಕ್ಕೆ ತೀವ್ರ ವಿರೋಧವೂ ಬಂದಿತು. ಆ ವಾದವನ್ನು ಒಪ್ಪಿದರೆ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಉಳಿಯುವ ಕೆರೆಗಳೆಷ್ಟು? ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ ನಮ್ಮದು. ಹಲವು ವರ್ಷ ಬತ್ತಿದ್ದು, ಒಂದು ದೊಡ್ಡ ಮಳೆಗೆ ತುಂಬುವುದೇ ಇಲ್ಲಿನ ಕೆರೆಗಳ ಸ್ವಭಾವ.

ನಮ್ಮ ವೇದಾವತಿ ತುಂಗಭದ್ರೆಯನ್ನೂ, ತುಂಗಭದ್ರೆ ಕೃಷ್ಣೆಯನ್ನೂ ಸೇರುತ್ತವೆ. ಆ ಕೃಷ್ಣೆ ಮತ್ತು ಗೋದಾವರಿಯ ಮುಖಜಭೂಮಿಗಳ ನಡುವಣ ತಗ್ಗಿನಲ್ಲಿ, ಆಂಧ್ರದ ಕರಾವಳಿಯಲ್ಲಿ, ಕೊಲ್ಲೇರು ಎಂಬ ವಿಶಾಲ ಸಿಹಿನೀರಿನ ಸರೋವರವಿದೆ. ಬುಡಮೇರು, ತಮ್ಮಿಲೇರು ಹೊಳೆಗಳು ಅದಕ್ಕೆ ನೀರು ತರುತ್ತವೆ. ಹೆಚ್ಚಾದುದನ್ನು ಉಪ್ಪುಟೇರು ಕಡಲಿಗೆ ಒಯ್ಯುತ್ತದೆ. ಮಳೆಗಾಲದಲ್ಲಿ ಹಿಗ್ಗಿ ಬೇಸಗೆಯಲ್ಲಿ ಕುಗ್ಗುವ ಸರೋವರವದು. ಕುಗ್ಗಿದಾಗ ಬಯಲಾದ ಅಂಗಳವನ್ನು ಖಾಲಿ ಜಾಗವೆಂದು ಬಗೆದು ಮೀನುಹೊಂಡಗಳನ್ನು ಕಟ್ಟಿದರು. 1999ರಲ್ಲಿ 308 ಚದರ ಕಿಲೋಮೀಟರನ್ನು ಅಭಯಾರಣ್ಯವೆಂದು ಘೋಷಿಸಿದರೂ ಒತ್ತುವರಿ ನಿಲ್ಲಲಿಲ್ಲ. 2006ರಲ್ಲಿ ಸರ್ಕಾರವೇ ಹೊಂಡಗಳ ಏರಿಗಳನ್ನು ಒಡೆಸಬೇಕಾಯಿತು. ಆ ಬಳಿಕವೂ ಹೊಂಡಗಳು ಮರಳಿ ಬಂದವು.

ನಾವೇನು ಬೇರೆ? ಬ್ರಹ್ಮಗಿರಿ, ಜಟಿಂಗ ರಾಮೇಶ್ವರದಂತಹ ಬೆಟ್ಟಗಳಿಂದ ಇಳಿದ ನೀರು ಹಳ್ಳ ಹಿಡಿದು ಕೆರೆ ಸೇರಬೇಕು. ಹಳ್ಳವನ್ನು ಹೊಲಕ್ಕೆ ಸೇರಿಸಿ ಉತ್ತವರು ಯಾರು? ಕೆರೆಯಂಗಳದಲ್ಲಿ ಜಾಲಿ ಬೆಳೆಯಲು ಬಿಟ್ಟವರು, ಮರಳು ಬಗೆದವರು ಯಾರು? ಎಲ್ಲ ತಪ್ಪನ್ನೂ ಸರ್ಕಾರದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ.

2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿತ್ತು. ಎರಡು ತಲೆಮಾರು ಕಾಣದ ನೀರು ತನ್ನ ಹಳೆಯ ದಾರಿಯಲ್ಲೇ ಹರಿಯಿತು. ಮನುಷ್ಯ ಮರೆತದ್ದನ್ನು ನೀರು ಮರೆತಿರಲಿಲ್ಲ.

ಭದ್ರಾ ಮೇಲ್ದಂಡೆಯ ನೀರಿಗಾಗಿ ನಾವು ಹೋರಾಡುತ್ತಿರುವುದು ನ್ಯಾಯವೇ. ಆದರೆ ಆ ನೀರು ಬಂದ ದಿನ ತುಂಬಿಸಲು ಕೆರೆಯೇ ಇಲ್ಲದಿದ್ದರೆ? ಆದ್ದರಿಂದ ಕೆರೆಯ ಗಡಿಯನ್ನು ಇಂದಿನ ನೀರಿನ ಅಂಚಿನಿಂದಲ್ಲ, ತುಂಬಿದಾಗಿನ ಅಂಚಿನಿಂದ ಅಳೆಯಬೇಕು; ಪೂರಕ ಹಳ್ಳಗಳನ್ನೂ ಸೇರಿಸಿ ಕಲ್ಲು ನೆಡಬೇಕು. ವಿದ್ಯಾರ್ಥಿ ಮಿತ್ರರು ಗ್ರಾಮ ನಕಾಶೆ ಹಿಡಿದು ಈ ಬೇಸಗೆಯಲ್ಲೇ ತಮ್ಮೂರ ಕೆರೆಯ ಸುತ್ತ ನಡೆಯಲಿ. ಹಿರಿಯರು ಹಳೆಯ ಹಳ್ಳಗಳ ಗುರುತು ತೋರಿಸಲಿ. ಕಂಡದ್ದನ್ನು ಗ್ರಾಮಸಭೆಯಲ್ಲಿ ಓದಿ ಹೇಳೋಣ. ಕೆರೆ ಬತ್ತಿರುವಾಗಲೇ ಅದನ್ನು ಕಾಯಬೇಕು. ತುಂಬಿದ ಮೇಲೆ ಕಾಯಲು ಯಾರಾದರೂ ಬರುತ್ತಾರೆ.