ರೋಗಿಯ ಹಾಸಿಗೆಯ ಬಳಿಯ ಪಾಠ

ನಮ್ಮ ಚಿಕಿತ್ಸಾಲಯಕ್ಕೆ ಆಗಾಗ ಆಯುರ್ವೇದ ವಿದ್ಯಾರ್ಥಿಗಳು ಬರುತ್ತಾರೆ. ಆಸ್ಪತ್ರೆಯ ತರಬೇತಿ ತೃಪ್ತಿ ತಂದಿದೆಯೇ ಎಂದು ಕೇಳಿದರೆ ಹೆಚ್ಚಿನವರು ಹೌದೆನ್ನುತ್ತಾರೆ. ಸ್ವತಃ ಎಷ್ಟು ಮಂದಿಗೆ ಬಸ್ತಿ, ಅಂದರೆ ಗುದದ್ವಾರದ ಮೂಲಕ ಔಷಧ, ಕೊಟ್ಟಿದ್ದೀರಿ ಎಂದರೆ ತಲೆ ತಗ್ಗಿಸುತ್ತಾರೆ.

ಅವರನ್ನು ದೂಷಿಸಲು ನನಗೆ ಬಾಯಿಲ್ಲ. ನಾಲ್ಕು ದಶಕಗಳ ಹಿಂದೆ ನಾನೂ ದೂರ ನಿಂತು ನೋಡಿದ್ದನ್ನು ಮಾಡಿದ್ದೆಂದು ದಾಖಲೆ ಪುಸ್ತಕದಲ್ಲಿ ಬರೆದು ಸಹಿ ಪಡೆದವನು. ಸ್ವಂತ ಚಿಕಿತ್ಸಾಲಯದಲ್ಲಿ ಸೊಂಟನೋವಿನ ವೃದ್ಧರೊಬ್ಬರಿಗೆ ಮೊದಲ ಬಸ್ತಿ ಕೊಡುವಾಗ ಕೈ ನಡುಗಿತು. "ಹೆದರಬ್ಯಾಡ್ರೀ ಡಾಕ್ಟ್ರೇ" ಎಂದು ಆ ಹಿರಿಯರೇ ನನಗೆ ಧೈರ್ಯ ಹೇಳಿದರು. ಅಂದಿನ ನಾಚಿಕೆ ಇಂದಿಗೂ ಮಾಸಿಲ್ಲ.

ಬಿ.ಎ.ಎಂ.ಎಸ್. ಪದವಿಯಲ್ಲಿ ನಾಲ್ಕೂವರೆ ವರ್ಷಗಳ ವ್ಯಾಸಂಗದ ನಂತರ 1 ವರ್ಷದ ಇಂಟರ್ನ್‌ಶಿಪ್ ಕಡ್ಡಾಯ. ಕೈಗೆ ಪಾಠವಾಗಬೇಕಾದ ವರ್ಷವದು. ನಮ್ಮ ಪೂರ್ವಾಚಾರ್ಯರು ಇದನ್ನು ಚೆನ್ನಾಗಿ ಅರಿತಿದ್ದರು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯವು ಅಭ್ಯಾಸಕ್ಕೇ ಮೀಸಲು. ಛೇದನವನ್ನು ಕುಂಬಳ, ಸೋರೆ, ಸೌತೆಗಳ ಮೇಲೆ, ಪಟ್ಟಿ ಕಟ್ಟುವುದನ್ನು ಬಟ್ಟೆಯ ಗೊಂಬೆಯ ಮೇಲೆ, ಬಸ್ತಿಯನ್ನು ನೀರು ತುಂಬಿದ ಕೊಡದಲ್ಲಿ ಅಭ್ಯಸಿಸಬೇಕೆಂದು ಅಲ್ಲಿ ಹೇಳಿದೆ. ಚರಕಾಚಾರ್ಯರು ವೈದ್ಯನಿಗೆ ವಿಧಿಸಿದ ನಾಲ್ಕು ಗುಣಗಳಲ್ಲಿ ಚಿಕಿತ್ಸೆಯನ್ನು ಹಲವು ಬಾರಿ ಕಣ್ಣಾರೆ ಕಂಡಿರುವುದೂ ಒಂದು.

ಆದ್ದರಿಂದ ತರಬೇತಿಯ ತೃಪ್ತಿಯನ್ನು ಕಟ್ಟಡ, ಹಾಸಿಗೆಗಳ ಸಂಖ್ಯೆ, ತುಂಬಿದ ದಾಖಲೆ ಪುಸ್ತಕಗಳಿಂದ ಅಳೆಯಲಾಗದು. ಎಷ್ಟು ರೋಗಿಗಳನ್ನು ನೀನೇ ಪರೀಕ್ಷಿಸಿದೆ? ತಪ್ಪಿದಾಗ ಗುರುಗಳು ಪಕ್ಕದಲ್ಲಿದ್ದು ತಿದ್ದಿದರೇ? ಕಾಲೇಜುಗಳು ವರ್ಷಕ್ಕೊಮ್ಮೆಯಾದರೂ ಈ ಎರಡು ಪ್ರಶ್ನೆಗಳನ್ನು ಕೇಳಲಿ. ನಿಜ ನುಡಿದ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ತೊಂದರೆಯಾಗದಂತೆ ನೋಡಿಕೊಳ್ಳಲಿ. ಆ ಭಯವಿರುವವರೆಗೆ ಎಲ್ಲರೂ ತೃಪ್ತರೇ.

ಇದರಲ್ಲಿ ಸದ್ಭಕ್ತರ ಪಾತ್ರವೂ ಇದೆ. ಆಸ್ಪತ್ರೆಯಲ್ಲಿ ವಿದ್ಯಾರ್ಥಿ ನಾಡಿ ನೋಡಲು ಬಂದರೆ "ದೊಡ್ಡ ಡಾಕ್ಟರೇ ಬರಲಿ" ಎಂದು ಕೈ ಹಿಂದೆಳೆದುಕೊಳ್ಳುವುದು ಸಹಜ. ಗುರುಗಳು ಜೊತೆಯಲ್ಲಿದ್ದಾರೆಯೇ ಎಂದು ಅವಶ್ಯವಾಗಿ ವಿಚಾರಿಸಿರಿ. ಬೇಡವೆನಿಸಿದರೆ ಬೇಡವೆನ್ನುವ ಹಕ್ಕು ನಿಮಗಿದೆ. ಆದರೆ ಗುರುಗಳು ಪಕ್ಕದಲ್ಲಿದ್ದರೆ, ದಯವಿಟ್ಟು ಕೈ ನೀಡಿರಿ. ಇಂದು ನಿಮ್ಮ ನಾಡಿ ಹಿಡಿದು ಕಲಿತ ಮಗು ನಾಳೆ ಯಾವುದೋ ಹಳ್ಳಿಯಲ್ಲಿ ಒಬ್ಬಂಟಿಯಾಗಿ ಒಂದು ಜೀವಕ್ಕೆ ಹೊಣೆಯಾಗಿ ನಿಲ್ಲಬೇಕಾಗುತ್ತದೆ. ಆಗ ಅದರ ಕೈ ನಡುಗದಿರಲಿ.