ಹಳೆ ಪುಸ್ತಕದಲ್ಲಿ ಸಿಗುವುದು ಚೇಳಿನ ಮರಿಯೇ?

ಗೂಳೂರಿನ ಕಡೆಯ ತೋಟಗಳಲ್ಲಿ ತರಗೆಲೆ ಕೆದಕುವಾಗ, ಹಳೆ ಸೌದೆ ಎತ್ತುವಾಗ ಅಥವಾ ಅಟ್ಟದ ಮೇಲಿನ ಪುಸ್ತಕ ಬಿಡಿಸುವಾಗ ಎಳ್ಳಿನ ಗಾತ್ರದ ಜೀವಿಯೊಂದು ಎರಡು ಇಕ್ಕಳ ಚಾಚಿಕೊಂಡು ಹಿಂದಕ್ಕೆ ಸರಿಯುವುದನ್ನು ಕಾಣಬಹುದು. ‘ಚೇಳಿನ ಮರಿ’ ಎಂದು ಹೆದರಿ ಹೊಸಕಿಬಿಡುವವರೇ ಹೆಚ್ಚು. ಅದು ಚೇಳಲ್ಲ, ಹುಸಿಚೇಳು.

ವ್ಯತ್ಯಾಸ ತಿಳಿಯುವುದು ಹೇಗೆ?

ಚೇಳಿನ ಮರಿಗೂ ಬಾಲ ಮತ್ತು ಕೊಂಡಿ ಇರುತ್ತವೆ. ಹುಟ್ಟಿದ ಮರಿಗಳು ಮೊದಲ ಪೊರೆ ಕಳಚುವವರೆಗೆ ತಾಯಿಯ ಬೆನ್ನಿನ ಮೇಲೆಯೇ ಇರುತ್ತವೆ. ಹುಸಿಚೇಳಿಗೆ ಬಾಲವೇ ಇಲ್ಲ, ಹಿಂಬದಿ ದುಂಡಗಿರುತ್ತದೆ. ಹೆಚ್ಚಿನವು 8 ಮಿ.ಮೀ. ದಾಟುವುದಿಲ್ಲ.

ಇವುಗಳಿಗೆ ವಿಷವಿದೆಯೇ?

ಬಹಳಷ್ಟಕ್ಕೆ ಇದೆ, ಆದರೆ ಅದು ಇಕ್ಕಳದ ಬೆರಳುಗಳಲ್ಲಿ. ನುಸಿಯಂಥ ಪುಟ್ಟ ಬೇಟೆಗೆ ಮಾತ್ರ ಅದು ಸಾಕು, ಮನುಷ್ಯರಿಗೆ ಅಪಾಯವಿಲ್ಲ. ಈ ವಿಷವೇ ವರ್ಗೀಕರಣಕ್ಕೆ ಒಂದು ಸುಳಿವು. ಚರ್ನೆಟಿಡೇ ಕುಟುಂಬದಲ್ಲಿ ವಿಷ ಸಾಮಾನ್ಯವಾಗಿ ಚಲಿಸುವ ಬೆರಳಲ್ಲಿ, ಅಟೆಮ್ನಿಡೇಯಲ್ಲಿ ಸ್ಥಿರ ಬೆರಳಲ್ಲಿ, ಕೆಲಿಫೆರಿಡೇ ಮತ್ತು ವಿಥಿಯಿಡೇಗಳಲ್ಲಿ ಎರಡರಲ್ಲೂ ಇರುತ್ತದೆ. ಕೊನೆಯ ಎರಡನ್ನು ಬೇರ್ಪಡಿಸಲು ಗಂಡನ್ನು ನೋಡಬೇಕು: ಕೆಲಿಫೆರಿಡೇ ಗಂಡುಗಳಿಗೆ ಸಾಮಾನ್ಯವಾಗಿ ಟಗರಿನ ಕೊಂಬಿನಂತೆ ಉಬ್ಬಿ ಹೊರಬರುವ ಅಂಗಗಳಿರುತ್ತವೆ, ಹೆಣ್ಣನ್ನು ಒಲಿಸುವಾಗ ಅವನ್ನು ತೋರಿಸುತ್ತವೆ. ಗಾಳಿಯ ಅಲುಗಾಟ ಗ್ರಹಿಸುವ ಇಕ್ಕಳದ ಸೂಕ್ಷ್ಮ ಕೂದಲುಗಳ ಜೋಡಣೆಯನ್ನೂ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಆದ್ದರಿಂದ ಬರಿಗಣ್ಣಿನಲ್ಲಿ ಒಂದೇ ಥರ ಕಾಣುವ ಎರಡು ಹುಸಿಚೇಳುಗಳು ಬೇರೆ ಬೇರೆ ಕುಟುಂಬದವಾಗಿರಬಹುದು.

ತಜ್ಞರೂ ಮೊದಲು ಗೊಂದಲಕ್ಕೊಳಗಾಗಿದ್ದರು. ಮನೆ, ಪುಸ್ತಕಗಳಲ್ಲಿ ಸಿಗುವ ಹುಸಿಚೇಳನ್ನು ಲಿನೇಯಸ್ 1758ರಲ್ಲಿ ನುಸಿಗಳ ಜೊತೆ ಸೇರಿಸಿದ್ದ. ಇಂದು ಅದು ಕೆಲಿಫೆರಿಡೇ ಕುಟುಂಬದ ಕೆಲಿಫರ್ ಕ್ಯಾಂಕ್ರಾಯ್ಡಿಸ್. ಈಗ ಜಗತ್ತಿನಲ್ಲಿ ಸುಮಾರು 25 ಕುಟುಂಬಗಳ 4,000ದಷ್ಟು ಪ್ರಭೇದಗಳನ್ನು ಗುರುತಿಸಲಾಗಿದೆ. ನಮ್ಮ ದೇಶದ ಹುಸಿಚೇಳುಗಳ ಬಗ್ಗೆ ವಿ. ಎ. ಮೂರ್ತಿ ಮತ್ತು ಟಿ. ಎನ್. ಅನಂತಕೃಷ್ಣನ್ 1977ರಲ್ಲಿ ಪ್ರಕಟಿಸಿದ ಗ್ರಂಥ ಮುಖ್ಯವಾದದ್ದು.

ಇವುಗಳಿಂದ ನಮಗೇನು ಲಾಭ?

ಪುಸ್ತಕದ ಹುಸಿಚೇಳು ಕಾಗದ ತಿನ್ನುವುದಿಲ್ಲ. ಹಾಳೆಗಳ ನಡುವಿನ ಪುಸ್ತಕದ ಹೇನು, ನುಸಿಗಳನ್ನು ತಿನ್ನುತ್ತದೆ. ಅದೇ ಕುಟುಂಬದ ಎಲ್ಲಿಂಗ್ಸೇನಿಯಸ್ ಇಂಡಿಕಸ್ ತುಡುವೆ ಜೇನಿನ ಗೂಡುಗಳಲ್ಲಿ ವಾಸಿಸುತ್ತದೆ. ಕೆಲವು ಹುಸಿಚೇಳುಗಳು ನೊಣ, ಜೀರುಂಡೆಗಳ ಕಾಲು ಹಿಡಿದು ಪುಕ್ಕಟೆ ಪ್ರಯಾಣ ಮಾಡುತ್ತವೆ.

ಹುಸಿಚೇಳು ಕಂಡರೆ ಕೀಟನಾಶಕ ಸಿಂಪಡಿಸಬೇಕಿಲ್ಲ. ಬಾಲ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಒಂದು ಕಾಗದದ ಮೇಲೆ ಹತ್ತಿಸಿಕೊಂಡು ತೋಟದ ತರಗೆಲೆಯ ಮೇಲೆ ಬಿಟ್ಟರೆ ಸಾಕು. ಬಾಲವಿದ್ದರೆ ಅದು ನಿಜವಾದ ಚೇಳೇ ಇರಬಹುದು, ಕೈ ಹಾಕಬೇಡಿ.