ಕಣ್ಣು ಹಾರಿದರೆ

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಕಮಲಾಪುರದಲ್ಲಿ, ‘ಸಾರ್, ಎಡಗಣ್ಣು ಹಾರುತ್ತಿದೆ, ಫೇಲಾಗುತ್ತೇನಾ?’ ಎಂದು ಕೇಳುವ ಹುಡುಗ ಒಬ್ಬನಾದರೂ ಇರುತ್ತಾನೆ. ಅದೇ ಎಡಗಣ್ಣು ಹುಡುಗಿಗೆ ಹಾರಿದರೆ ಶುಭವಂತೆ! ಸ್ನಾಯುವಿಗೆ ಈ ಭೇದ ತಿಳಿಯದು. ರೆಪ್ಪೆ ಮುಚ್ಚುವ ತೆಳು ಸ್ನಾಯು ತಾನಾಗಿ ಮಿಡಿಯುವುದಷ್ಟೆ. ನಿದ್ದೆಗೇಡು, ಆತಂಕ, ಮೇಲಿಂದ ಮೇಲೆ ಕುಡಿಯುವ ಚಹಾ ಇದರ ಸಾಮಾನ್ಯ ಕಾರಣಗಳು.

ತಾಯಂದಿರೇ, ರಾತ್ರಿ ಓದುವ ಮಕ್ಕಳಿಗೆ ಮತ್ತೊಂದು ಲೋಟ ಚಹಾ ಕೊಡುವ ಬದಲು ದೀಪ ಆರಿಸಿ ಮಲಗಿಸಿ. ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲೆ 5 ನಿಮಿಷ ಇಡಿ. ಜೇನು, ಹರಳೆಣ್ಣೆ ಕಣ್ಣೊಳಗೆ ಬಿಡುವುದು ಮಾತ್ರ ಬೇಡ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ನಿಲ್ಲುತ್ತದೆ. 2 ವಾರ ದಾಟಿದರೆ, ಕಣ್ಣು ಪೂರ್ತಿ ಮುಚ್ಚಿಕೊಂಡರೆ, ಕೆನ್ನೆಯೂ ಅದುರಿದರೆ, ಕಣ್ಣು ಕೆಂಪಾಗಿ ಊದಿದರೆ ಹೊಸಪೇಟೆಗೆ ಹೋಗಿ ಕಣ್ಣಿನ ವೈದ್ಯರಿಗೆ ತೋರಿಸಿ.